ಲಾರಿಯಲ್ಲಿ ಕಂಬಕ್ಕೆ ಜಾಗ ಇತ್ತು: ಒಂದು ಮುಳುಗಡೆ ಕಾದಂಬರಿಯ ಕರಡು ಬದಲಾದ ಬಗೆ

2024ರ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಪ್ಪ ಕಟ್ಟು ಹಿಡಿದುಕೊಂಡು ಸಾಗರದ ನಮ್ಮ ಮನೆಗೆ ಬಂದ. ನೆನೆಯಬಾರದು ಅಂತ ಎರಡು ಪ್ಲಾಸ್ಟಿಕ್ ಕವರ್ ಸುತ್ತಿದ್ದ. ಒಳಗೆ ನಾನೂರು ಪುಟದ ಕಾದಂಬರಿ. "ಓದಿ ಮೇಡಂ. ಅನ್ನಿಸಿದ್ದನ್ನ ಹಾಗೇ ಹೇಳಿ, ನಂಗೇನೂ ಬೇಜಾರಿಲ್ಲ" ಅಂದ. ಅವನು ಒಂದು ಸೊಸೈಟಿಯಲ್ಲಿ ಗುಮಾಸ್ತ. ಹಗಲು ಸಾಲದ ಅರ್ಜಿ, ಪಹಣಿ, ಜಾಮೀನು ಪತ್ರ ನೋಡುತ್ತಾನೆ. ರಾತ್ರಿ ಊಟ ಆದಮೇಲೆ ಬರೆಯುತ್ತಾನೆ. ಕಾದಂಬರಿ ಇನ್ನೂ ಅಚ್ಚಾಗಿಲ್ಲ, ಹಾಗಾಗಿ ಅವನ ಹೆಸರು ಇಲ್ಲಿ ಹಾಕುವುದಿಲ್ಲ. ನಾವಿಬ್ಬರೂ ಆ ಕರಡಿನ ಜೊತೆ ಹೇಗೆ ಗುದ್ದಾಡಿದೆವು ಅನ್ನುವುದನ್ನು ಬರೆಯಲು ಅವನೇ ಒಪ್ಪಿದ್ದಾನೆ.

ಕಷ್ಟ ಒಂದು ಪಾತ್ರವನ್ನು ಹೇಗೆ ಬೆಳೆಸುತ್ತದೆ? ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ನಾನೇ ಎಷ್ಟೋ ಸಲ ಪರೀಕ್ಷೆಗೆ ಕೊಟ್ಟಿದ್ದೇನೆ. ಬೆಂಕಿಗೆ ಬಿದ್ದ ಚಿನ್ನದ ಹಾಗೆ ನಾಯಕಿ ಹೊಳೆದಳು ಅಂತ ಮಕ್ಕಳು ಬರೆಯುತ್ತಿದ್ದರು. ನಾನು ಅಂಕ ಕೊಡುತ್ತಿದ್ದೆ. ಈ ಕರಡಿನ ಜೊತೆ ಒಂದೂವರೆ ವರ್ಷ ಕಳೆದ ಮೇಲೆ ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದೇ ಈ ಬರಹ.

ಮೊದಲ ಕರಡು

ಕಥೆ ಮೂರು ತಲೆಮಾರಿನದು. ಶರಾವತಿ ದಂಡೆಯಲ್ಲಿ ದೀವರು ಅನ್ನುವ ಸಮುದಾಯದ ಒಂದು ಮನೆ. ಅಜ್ಜಿ 1961ರ ಹೊತ್ತಿಗೆ ಹತ್ತೊಂಬತ್ತು ವರ್ಷದ ಹೊಸ ಸೊಸೆ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆಯುತ್ತಿದೆ. ಊರು ಬಿಡಬೇಕು ಅಂತ ನೋಟಿಸು ಬಂದಿದೆ. ಮನೆಯವರೆಲ್ಲ ಲಾರಿ ಹತ್ತಿ ಶಿವಮೊಗ್ಗ ಕಡೆಯ ಕಾಡಿಗೆ ಬಂದು ಇಳಿಯುತ್ತಾರೆ. ಕಾಡು ಕಡಿದು ಗದ್ದೆ ಮಾಡುತ್ತಾರೆ, ಆಮೇಲೆ ಅಡಿಕೆ ಹಾಕುತ್ತಾರೆ. ಆ ಜಾಗಕ್ಕೆ ಹಕ್ಕುಪತ್ರ ಮಾತ್ರ ಬರುವುದೇ ಇಲ್ಲ. ಮಗ ಅದೇ ಜಾಗದಲ್ಲಿ ಹುಟ್ಟಿ, ಅದೇ ತೋಟದ ಸಾಲದಲ್ಲಿ ಮುದುಕನಾಗುತ್ತಾನೆ. ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದವಳು 2019ರಲ್ಲಿ ಊರಿಗೆ ಬಂದು ಮಂಗನ ಕಾಯಿಲೆಗೆ ಸಿಗುತ್ತಾಳೆ.

ಭಾಷೆ ಚೆನ್ನಾಗಿತ್ತು. ಅದರಲ್ಲೂ ಹಸೆ ಚಿತ್ತಾರದ ಗೋಡೆ ನೀರಲ್ಲಿ ಕರಗುವ ನಾಲ್ಕು ಪುಟ. ಕೆಮ್ಮಣ್ಣು ಬಳಿದ ಗೋಡೆ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚದಲ್ಲಿ ಎಳೆದದ್ದು. ನೀರು ಮೊಣಕಾಲೆತ್ತರ ಬರುತ್ತದೆ, ಸೊಂಟದೆತ್ತರ ಬರುತ್ತದೆ. ಗೆರೆಗಳು ಒಂದೊಂದಾಗಿ ಬಿಡುತ್ತವೆ. ಓದುವಾಗ ನನ್ನ ಕಣ್ಣು ತುಂಬಿತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಬಹಳ ಚೆನ್ನಾಗಿದೆ" ಅಂತ ಗುರುತು ಹಾಕಿದ್ದೆ.

ಆದರೂ ನೂರಿಪ್ಪತ್ತನೇ ಪುಟದ ಹೊತ್ತಿಗೆ ನಾನು ದಣಿದಿದ್ದೆ. ಕಷ್ಟ ಬರುತ್ತದೆ, ಅಜ್ಜಿ ಅಳುತ್ತಾಳೆ, ಮರುದಿನ ಎದ್ದು "ಇನ್ನಷ್ಟು ಗಟ್ಟಿಯಾಗುತ್ತಾಳೆ". ಮುಂದಿನ ಕಷ್ಟ ಬರುತ್ತದೆ. ಮಗು ಸಾಯುತ್ತದೆ, ಗಂಡ ಹಾಸಿಗೆ ಹಿಡಿಯುತ್ತಾನೆ, ಅರಣ್ಯದವರು ಬೇಲಿ ಕೀಳುತ್ತಾರೆ. ಪ್ರತಿ ಸಲ ಅವಳು ಗಟ್ಟಿಯಾಗುತ್ತಾಳೆ. ಯಾವುದರಲ್ಲಿ ಗಟ್ಟಿ? ನಿನ್ನೆ ಮಾಡಲಾಗದ ಯಾವ ಕೆಲಸವನ್ನು ಇವತ್ತು ಮಾಡುತ್ತಾಳೆ? ಅದು ಎಲ್ಲೂ ಇರಲಿಲ್ಲ.

ನಾನು ಒಂದು ನೋಟ್‌ಬುಕ್ ತೆಗೆದು ಉದ್ದಕ್ಕೆ ಎರಡು ಗೆರೆ ಎಳೆದೆ. ಮೂರು ಸಾಲಾಯಿತು. ಈ ಕಷ್ಟಕ್ಕೆ ಮುಂಚೆ ಅವಳು ಏನು ಮಾಡುತ್ತಿದ್ದಳು, ಕಷ್ಟ ಬಂದಾಗ ಏನು ಮಾಡಿದಳು, ಆಮೇಲೆ ಯಾವುದನ್ನು ಮೊದಲಿನ ಹಾಗೆ ಮಾಡಲು ಅವಳಿಂದ ಆಗುವುದಿಲ್ಲ. ಕಾದಂಬರಿ ಪೂರ್ತಿ ಇನ್ನೊಮ್ಮೆ ಓದಿ ತುಂಬಿಸಿದೆ. ಮಧ್ಯದ ಸಾಲಿನಲ್ಲಿ ಮತ್ತೆ ಮತ್ತೆ ಒಂದೇ ಮಾತು ಬಂತು: ಅತ್ತಳು. ಮೂರನೇ ಸಾಲು ಬಹುತೇಕ ಖಾಲಿ.

ಅವನು ಮುಂದಿನ ಭಾನುವಾರ ಬಂದಾಗ ನೋಟ್‌ಬುಕ್ ತೋರಿಸಿದೆ. ತುಂಬಾ ಹೊತ್ತು ನೋಡಿದ. ನಾನು ಚಿತ್ತಾರದ ಪುಟ ತೆಗೆದು ಕೇಳಿದೆ. "ಇವರು ಊರು ಬಿಟ್ಟಾಗಿದೆ. ಲಾರಿ ಹೋಗಿದೆ. ನೀರು ಬಂದದ್ದು ಆಮೇಲೆ. ಹಾಗಾದರೆ ಗೋಡೆ ಕರಗುವುದನ್ನು ನೋಡಿದವರು ಯಾರು?"

ಅವನು ಸುಮ್ಮನಿದ್ದ. ಆಮೇಲೆ, "ನಾನು, ಮೇಡಂ" ಅಂದ.

ಅಲ್ಲಿಂದ ಕೆಲಸ ಶುರುವಾಯಿತು ಅನ್ನಬಹುದು. ಆ ನಾಲ್ಕು ಪುಟದ ನೋವು ತನ್ನ ಅಜ್ಜಿಯ ಕಥೆ ಬರೆಯುತ್ತಿರುವ ಮೊಮ್ಮಗನದು. ಅದು ನಿಜವಾದ ನೋವೇ. ಆದರೆ ಅಜ್ಜಿಯ ಹೆಸರಿನಲ್ಲಿ ಅದನ್ನು ಬರೆದುಬಿಟ್ಟಿದ್ದರಿಂದ ಅಜ್ಜಿಗೆ ತನ್ನದೇ ಆದ ನೋವು ಏನಿತ್ತು ಅನ್ನುವುದು ಬರೆಯದೇ ಉಳಿದಿತ್ತು.

ನೀರು ಒಂದೇ ರಾತ್ರಿ ಬರಲಿಲ್ಲ

ಕರಡಿನಲ್ಲಿ ಒಂದು ಸುಲಭದ ದಾರಿ ಇತ್ತು. ಮುಳುಗಡೆಯನ್ನು ಒಂದು ರಾತ್ರಿಯ ಘಟನೆ ಮಾಡಿದ್ದ. ಗುಡುಗು, ಮಳೆ, ಮಲಗಿದ್ದವರು ಎದ್ದು ಓಡುವುದು. ಓದಲು ರೋಚಕವಾಗಿತ್ತು. ಆದರೆ ಲಿಂಗನಮಕ್ಕಿ ಹಾಗೆ ತುಂಬುವ ಹಿನ್ನೀರಲ್ಲ. ಅಣೆಕಟ್ಟು 1964ರಲ್ಲಿ ಮುಗಿಯಿತು. ಪೂರ್ತಿ ಮಟ್ಟ 1819 ಅಡಿ. ಅಷ್ಟು ನೀರು ಮಳೆಗಾಲದ ಉದ್ದಕ್ಕೂ ನಿಧಾನವಾಗಿ ಏರಬೇಕು. ಈಗಲೂ ಜೂನ್ ಬಂತೆಂದರೆ ನಮ್ಮ ಕಡೆ ಜನ ಇವತ್ತು ಎಷ್ಟು ಅಡಿ ಆಯಿತು ಅಂತ ಪೇಪರಿನಲ್ಲಿ ನೋಡುತ್ತಾರಲ್ವಾ? ಇದೇ ಕಣಿವೆಯಲ್ಲಿ 1948ರಲ್ಲೇ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಆಗಿತ್ತು. ಲಿಂಗನಮಕ್ಕಿ ಬಂದ ಮೇಲೆ ಆ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಇವತ್ತಿಗೂ ಮೇಲೆದ್ದು ಕಾಣುತ್ತದೆ. ಅಂದರೆ ಮುಳುಗಡೆ ಅನ್ನುವುದು ಈ ಜನಕ್ಕೆ ಗೊತ್ತಿಲ್ಲದ ವಿಷಯ ಆಗಿರಲಿಲ್ಲ. ಬರುತ್ತದೆ ಅಂತ ಗೊತ್ತಿತ್ತು. ವರ್ಷಗಟ್ಟಲೆ ಕಾದರು.

ಇದು ಬರೀ ಇತಿಹಾಸದ ತಪ್ಪು ತಿದ್ದುವ ಮಾತಾಗಿರಲಿಲ್ಲ. ಒಂದೇ ರಾತ್ರಿ ಬಂದ ನೀರಿಗೆ ಮನುಷ್ಯ ಓಡುತ್ತಾನೆ, ಅಷ್ಟೇ. ಅಲ್ಲಿ ಆಯ್ಕೆ ಇಲ್ಲ. ಮೂರು ವರ್ಷ ಮೊದಲೇ ಗೊತ್ತಿರುವ ನೀರಿಗೆ ಮನುಷ್ಯ ಏನೇನೋ ಮಾಡುತ್ತಾನೆ. ಈ ವರ್ಷ ನಾಟಿ ಮಾಡಬೇಕಾ ಬೇಡವಾ? ಸೋರುವ ಮಾಡಿಗೆ ಹುಲ್ಲು ಹೊದೆಸಬೇಕಾ? ಮಗಳಿಗೆ ಗಂಡು ನೋಡುವಾಗ ಯಾವ ಊರಿನವರು ಅಂತ ಹೇಳಬೇಕು? ಇಂಥ ಚಿಕ್ಕ ಚಿಕ್ಕ ತೀರ್ಮಾನದಲ್ಲಿ ಒಬ್ಬೊಬ್ಬರ ಸ್ವಭಾವ ಹೊರಗೆ ಬರುತ್ತದೆ. ಪಾತ್ರ ಬೆಳೆಯುವುದಿದ್ದರೆ ಅಲ್ಲಿ ಬೆಳೆಯಬೇಕು.

"ನಿಮ್ಮ ಅಜ್ಜಿ ಇದ್ದಾರಲ್ಲ, ಅವರನ್ನೇ ಕೇಳು" ಅಂದೆ. "ಎಷ್ಟು ಅತ್ತಿರಿ ಅಂತ ಕೇಳಬೇಡ. ಲಾರಿಗೆ ಏನೇನು ಹಾಕಿದಿರಿ ಅಂತ ಕೇಳು."

ಅವನು ಕೇಳಿಕೊಂಡು ಬಂದ. ಅಜ್ಜಿ ಒಂದೇ ಮಾತು ಹೇಳಿದ್ದರು. "ಕಂಬ ಹಾಕಿದ್ರು. ಭತ್ತ ಬಿಟ್ರು."

ಆ ಮಾತಿನಿಂದ ಎರಡನೇ ಕರಡಿನ ಅತಿ ಒಳ್ಳೆಯ ಅಧ್ಯಾಯ ಹುಟ್ಟಿತು. ಮಾವ ಮನೆ ಬಿಚ್ಚಿಸುತ್ತಾನೆ. ಹೆಂಚು, ಬಾಗಿಲು, ಪಕಾಸಿ. ಅವನಿಗೆ ಎಲ್ಲಕ್ಕಿಂತ ಮುಖ್ಯ ನಡುಮನೆಯ ಹಲಸಿನ ಕಂಬ. ಅವನ ಅಜ್ಜ ನಿಲ್ಲಿಸಿದ್ದು. ಸೊಸೆಗೆ ಬೇಕಾದದ್ದು ಹುಲ್ಲಿನಲ್ಲಿ ಕಟ್ಟಿಟ್ಟ ಬಿತ್ತನೆ ಭತ್ತದ ಎರಡು ಮುಡಿ. ಹೊಸ ಜಾಗದಲ್ಲಿ ಮುಂದಿನ ಮಳೆಗೆ ಏನು ಬಿತ್ತುವುದು ಅಂತ ಅವಳ ಚಿಂತೆ. ಲಾರಿಯಲ್ಲಿ ಎರಡಕ್ಕೂ ಜಾಗ ಇಲ್ಲ. ಇದೇ ಕೊನೆಯ ಸಲ, ಲಾರಿ ಇನ್ನೊಮ್ಮೆ ಬರುವುದಿಲ್ಲ.

ಇಲ್ಲಿ ನಮ್ಮಿಬ್ಬರಿಗೆ ಜಗಳವೇ ಆಯಿತು. ಅವನು ಬರೆದುಕೊಂಡು ಬಂದದ್ದರಲ್ಲಿ ಸೊಸೆ ಗೆಲ್ಲುತ್ತಾಳೆ. ಎಲ್ಲರ ಎದುರು ಮಾತಾಡುತ್ತಾಳೆ, ಮಾವ ತಲೆ ತಗ್ಗಿಸುತ್ತಾನೆ, ಮುಡಿಗಳು ಲಾರಿಗೆ ಏರುತ್ತವೆ. ನನಗೆ ಒಪ್ಪಿಗೆಯಾಗಲಿಲ್ಲ. ಬಂದು ವರ್ಷವಾಗದ ಸೊಸೆ 1961ರಲ್ಲಿ ಮಾವನ ಎದುರು ಹಾಗೆ ನಿಂತು ಗೆದ್ದಳು ಅಂದರೆ, ಅವಳ ಮುಂದೆ ಇದ್ದ ಕಷ್ಟವನ್ನು ನಾವು ಸಣ್ಣದು ಮಾಡಿದ ಹಾಗೆ. "ಸೋಲಲಿ. ಸೋತ ಮೇಲೆ ಏನು ಮಾಡುತ್ತಾಳೆ ಅಂತ ನೋಡು" ಅಂದೆ. ಅವನಿಗೆ ಸಿಟ್ಟು ಬಂತು. ಮೂರು ವಾರ ಬರಲಿಲ್ಲ.

ಬಂದಾಗ ಎರಡೇ ಪುಟ ತಂದಿದ್ದ. ಕಂಬ ಲಾರಿ ಏರಿದೆ. ಎಲ್ಲರೂ ಹಗ್ಗ ಬಿಗಿಯುವ ಗಡಿಬಿಡಿಯಲ್ಲಿದ್ದಾರೆ. ಸೊಸೆ ಒಳಗೆ ಹೋಗಿ ಒಂದು ಮುಡಿಯ ಹುಲ್ಲು ಬಿಚ್ಚಿ, ಮಡಿಲಿಗೆ ಹಿಡಿಯುವಷ್ಟು ಭತ್ತ ಕಟ್ಟಿಕೊಂಡು ಬರುತ್ತಾಳೆ. ದಾರಿಯುದ್ದಕ್ಕೂ ಸೆರಗು ಬಿಗಿಹಿಡಿದು ಕೂತಿರುತ್ತಾಳೆ. ಬಸುರಿ ಇರಬೇಕು ಅಂತ ಲಾರಿಯವನು ನಿಧಾನ ಓಡಿಸುತ್ತಾನೆ. ಮುಂದಿನ ಮಳೆಗೆ ಅಷ್ಟೇ ಭತ್ತ ಬಿತ್ತುತ್ತಾರೆ. ಗದ್ದೆಯ ಒಂದು ಮೂಲೆಗೆ ಸಾಕಾಗುತ್ತದೆ.

ನಾನು ನೋಟ್‌ಬುಕ್ ತೆಗೆದು ಮಧ್ಯದ ಸಾಲಿನಲ್ಲಿ "ಅತ್ತಳು" ಅನ್ನುವುದನ್ನು ಹೊಡೆದು ಹಾಕಿ "ಮಡಿಲಿಗೆ ಕಟ್ಟಿಕೊಂಡಳು" ಅಂತ ಬರೆದೆ. ಆ ಅಧ್ಯಾಯದಲ್ಲಿ ಅವಳು ಒಂದು ಹನಿಯೂ ಅಳುವುದಿಲ್ಲ. ಗಟ್ಟಿಯಾದಳು ಅಂತ ಲೇಖಕ ಎಲ್ಲೂ ಹೇಳುವುದಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಕೊಳಗ ಮತ್ತು ಹೆಬ್ಬೆಟ್ಟು

ಇನ್ನೊಂದು ಪ್ರಶ್ನೆ ಉಳಿದಿತ್ತು. ಇವಳಿಗೆ ಆ ಮುಂದಾಲೋಚನೆ ಎಲ್ಲಿಂದ ಬಂತು? ಕಷ್ಟ ಬಂದ ತಕ್ಷಣ ಬುದ್ಧಿ ಬರುವುದಿಲ್ಲ. ಹಿಂದೆ ಕಂಡದ್ದು ಏನಾದರೂ ಇರಬೇಕು.

ಉತ್ತರ ಕರಡಿನಲ್ಲೇ ಬಿದ್ದಿತ್ತು, ನಮಗೆ ಕಂಡಿರಲಿಲ್ಲ. ಅಜ್ಜಿಯ ತವರು ಕಾಗೋಡಿನ ಹತ್ತಿರ ಅಂತ ಮೊದಲ ಅಧ್ಯಾಯದಲ್ಲಿತ್ತು. 1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ಎರಡು ಪುಟ ಇದ್ದವು, ಪಠ್ಯಪುಸ್ತಕದ ಹಾಗೆ. ಗೇಣಿದಾರರು ಎದ್ದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನವಾಯಿತು. ಎಲ್ಲ ಸರಿಯೇ. ಆದರೆ ಆಗ ಅವಳಿಗೆ ಒಂಬತ್ತು ವರ್ಷ. ಒಂಬತ್ತು ವರ್ಷದ ಹುಡುಗಿಗೆ ಲೋಹಿಯಾ ಯಾರು ಅಂತ ಗೊತ್ತಿರುತ್ತದಾ? ಅವಳಿಗೆ ಗೊತ್ತಿರುವುದು ಕೊಳಗ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಆ ಜಗಳದ ಒಂದು ಮೂಲವಾಗಿತ್ತು. ಮನೆಯಲ್ಲಿ ಅಳೆದಾಗ ಒಂದು ಲೆಕ್ಕ, ಒಡೆಯರ ಅಂಗಳದಲ್ಲಿ ಅಳೆದಾಗ ಇನ್ನೊಂದು ಲೆಕ್ಕ. ಅಪ್ಪನ ಮುಖ ನೋಡುತ್ತಾ ನಿಂತಿದ್ದ ಹುಡುಗಿಗೆ ಅಷ್ಟು ಸಾಕು.

ಎರಡನೇ ಕರಡಿನಲ್ಲಿ ಆ ಎರಡು ಪುಟ ಹೋಗಿ ಅರ್ಧ ಪುಟ ಬಂತು. ಅಲ್ಲಿಂದ ಮುಂದೆ ಅವಳು ಎಲ್ಲವನ್ನೂ ಇನ್ನೊಮ್ಮೆ ಅಳೆಯುತ್ತಾಳೆ. ಅಂಗಡಿಯ ಅಕ್ಕಿ, ಹಾಲಿನವಳ ಹಾಲು. ಹೊಸ ಜಾಗಕ್ಕೆ ಬಂದ ಮೇಲೆ ಪರಿಹಾರದ ಕಾಗದಕ್ಕೆ ಮಾವ ಓದಿಸದೇ ಹೆಬ್ಬೆಟ್ಟು ಒತ್ತುತ್ತಾನೆ. ಏನು ಬರೆದಿದ್ದಾರೆ ಅಂತ ಕೇಳಿದ್ದಕ್ಕೆ ಅವಳಿಗೆ ಬೈಗುಳ ಸಿಗುತ್ತದೆ. ಆಮೇಲೆ ಅವಳು ತಾನೇ ಓದಲು ಕಲಿಯುತ್ತಾಳೆ. ಶಾಲೆಯ ಪುಸ್ತಕದಿಂದ ಕಲಿಯುವುದಿಲ್ಲ, ಟ್ರಂಕಿನಲ್ಲಿದ್ದ ಸರ್ಕಾರದ ಕಾಗದಗಳಿಂದ ಕಲಿಯುತ್ತಾಳೆ. ಮೊದಲು ಸರ್ವೆ ನಂಬರಿನ ಅಂಕೆ, ಆಮೇಲೆ ಊರಿನ ಹೆಸರು, ಆಮೇಲೆ ಗಂಡನ ಹೆಸರು. ಈ ಭಾಗ ಬರೆಯುವಾಗ ಅವನ ಗುಮಾಸ್ತಿಕೆ ಕೈಹಿಡಿಯಿತು. ಸೊಸೈಟಿಗೆ ಬರುವ ಮುದುಕಿಯರು ಪಹಣಿಯನ್ನು ಹೇಗೆ ಹಿಡಿಯುತ್ತಾರೆ, ಎಲ್ಲಿ ಬೆರಳಿಟ್ಟು ತೋರಿಸುತ್ತಾರೆ, ಅದನ್ನೆಲ್ಲ ಅವನು ದಿನಾ ನೋಡಿದವನು.

ಇಷ್ಟಕ್ಕೇ ಬಿಟ್ಟಿದ್ದರೆ ಅವಳು ಎಲ್ಲರೂ ಮೆಚ್ಚುವ ಹೆಂಗಸಾಗುತ್ತಿದ್ದಳು. ನೋಟ್‌ಬುಕ್ಕಿನ ಮೂರನೇ ಸಾಲು ಇನ್ನೂ ಖಾಲಿಯೇ. ಇದಕ್ಕೆಲ್ಲ ಅವಳು ಕೊಟ್ಟ ಬೆಲೆ ಏನು?

ಬೆಲೆ ತಮ್ಮನ ರೂಪದಲ್ಲಿ ಬಂತು. ಒಂದು ಬರಗಾಲದ ವರ್ಷ ತವರಿನಿಂದ ತಮ್ಮ ಬರುತ್ತಾನೆ. ಬಿತ್ತನೆಗೆ ಭತ್ತ ಬೇಕು. ಅವಳು ಇಲ್ಲ ಅನ್ನುವುದಿಲ್ಲ. ಊಟ ಹಾಕುತ್ತಾಳೆ, ಅಳೆದು ಕೊಡುತ್ತಾಳೆ, ಇನ್ನೊಮ್ಮೆ ಅಳೆಯುತ್ತಾಳೆ. ಆಮೇಲೆ ಒಂದು ಚೀಟಿ ತಂದು ಅವನ ಮುಂದಿಟ್ಟು ಹೆಬ್ಬೆಟ್ಟು ಒತ್ತು ಅನ್ನುತ್ತಾಳೆ. ಒಡಹುಟ್ಟಿದ ತಮ್ಮ. ಅವನು ಒಂದು ಕ್ಷಣ ಅವಳ ಮುಖ ನೋಡುತ್ತಾನೆ. ಒತ್ತುತ್ತಾನೆ. ಮುಂದಿನ ಸುಗ್ಗಿಗೆ ಒಂದು ಕಾಳೂ ಕಡಿಮೆ ಆಗದ ಹಾಗೆ ಬೇರೆಯವರ ಕೈಲಿ ಭತ್ತ ಕಳಿಸುತ್ತಾನೆ. ಮತ್ತೆ ಆ ಮನೆಯ ಹೊಸಿಲು ತುಳಿಯುವುದಿಲ್ಲ.

ಇಡೀ ಕಾದಂಬರಿಯಲ್ಲಿ ನನಗೆ ಜಾಸ್ತಿ ಕಾಡುವುದು ಇದೇ ಪ್ರಸಂಗ. ಅವಳನ್ನು ಕಾಪಾಡಿದ ಬುದ್ಧಿ ಯಾವುದೋ, ಅದೇ ಬುದ್ಧಿ ಅವಳ ತಮ್ಮನನ್ನು ದೂರ ಮಾಡಿತು. ಎರಡೂ ಒಂದೇ ಬೇರಿನಿಂದ ಬಂದದ್ದು. ಕಷ್ಟ ಮನುಷ್ಯನನ್ನು ರೂಪಿಸುತ್ತದೆ ಅಂತ ಹೇಳುವಾಗ ನಾವು ಕಲಿತದ್ದನ್ನು ಮಾತ್ರ ಎಣಿಸುತ್ತೇವೆ. ಕಲಿತದ್ದು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೇ ತಮ್ಮನವರೆಗೂ ಹೋಗಿಬಿಟ್ಟದ್ದನ್ನು ಎಣಿಸುವುದಿಲ್ಲ.

ಮಗ

ಮಗನ ಬಗ್ಗೆ ನಾನು ಬೇಗ ಹೇಳಿ ಮುಗಿಸುತ್ತೇನೆ. ಅವನ ಭಾಗ ಇನ್ನೂ ಸರಿಯಾಗಿಲ್ಲ ಅಂತ ನನ್ನ ಅನಿಸಿಕೆ.

ಅವನ ಕಷ್ಟ ನಮ್ಮ ಸುತ್ತ ದಿನಾ ಕಾಣುವಂಥದ್ದು. ಜಾಗ ಹೆಸರಿಗಾಗಿಲ್ಲ, ಹಾಗಾಗಿ ಬ್ಯಾಂಕಿನ ಸಾಲ ಸಿಗುವುದಿಲ್ಲ. ಮಂಡಿಯಲ್ಲಿ ಮುಂಗಡ ತರುತ್ತಾನೆ, ಅಡಿಕೆ ಅಲ್ಲೇ ಹಾಕಬೇಕು. ಮಳೆ ಬಿಡದ ವರ್ಷ ಅಡಿಕೆಗೆ ಕೊಳೆ ರೋಗ ಬರುತ್ತದೆ. ಬೋರ್ಡೋ ಹೊಡೆಸಬೇಕು, ಮೈಲುತುತ್ತ ಸುಣ್ಣ ತಂದಿಟ್ಟಾಗಿದೆ, ಮರ ಹತ್ತಿ ಹೊಡೆಯುವ ಕೊನೆಗೌಡ ಸಿಗುವುದಿಲ್ಲ. ಸಿಕ್ಕಿದ ದಿನ ಮಳೆ. ಈಚೆಗೆ ಎಲೆಚುಕ್ಕೆ ರೋಗ ಬೇರೆ. ಮರದ ಹೆಡೆಲು ಒಣಗುತ್ತಾ ಬರುವುದನ್ನು ಅವನು ಹಲಸಿನ ಕಂಬಕ್ಕೆ ಒರಗಿ ಕೂತು ನೋಡುತ್ತಾನೆ. ಅದೇ ಕಂಬ. ಲಾರಿಯಲ್ಲಿ ಬಂದದ್ದು.

ಇವನು ಕಷ್ಟದಿಂದ ಬೆಳೆಯುವುದಿಲ್ಲ. ಕುಗ್ಗುತ್ತಾನೆ. ಮಾತು ಕಡಿಮೆಯಾಗುತ್ತದೆ, ಅನುಮಾನ ಜಾಸ್ತಿಯಾಗುತ್ತದೆ. ಮನೆಗೆ ಬಂದ ನೆಂಟರು ಎಷ್ಟು ದಿನ ಇರುತ್ತಾರೆ ಅಂತ ಲೆಕ್ಕ ಹಾಕುತ್ತಾನೆ. ಮೊದಲ ಕರಡಿನಲ್ಲಿ ಇದು ಬಹಳ ನಿಜವಾಗಿ ಬಂದಿತ್ತು. ಆದರೆ ಕೊನೆಯಲ್ಲಿ ಮಗಳಿಗೆ ಜ್ವರ ಬಂದಾಗ ಅವನು ಒಂದೇ ರಾತ್ರಿಯಲ್ಲಿ ಬದಲಾಗುತ್ತಿದ್ದ. ಕುಡಿತ ಬಿಡುತ್ತಿದ್ದ, ತೋಟದಲ್ಲಿ ಹೊಸ ಸಸಿ ಹಾಕುತ್ತಿದ್ದ.

"ಇವನು ಹೀಗೇ ಇರಲಿ" ಅಂದೆ. "ಅಪ್ಪ ಮೇಡಂ" ಅಂದ ಅವನು. ನನಗೆ ಮಾತು ನಿಂತುಹೋಯಿತು. ಅವನು ತನ್ನ ಅಪ್ಪನನ್ನು ಬರೆಯುತ್ತಿದ್ದ. ಬದುಕಿನಲ್ಲಿ ಆಗದ್ದನ್ನು ಪುಸ್ತಕದಲ್ಲಾದರೂ ಆಗಲಿ ಅಂತ ಬಯಸುವುದು ತಪ್ಪಾ? ನಾನು ಒತ್ತಾಯ ಮಾಡಲಿಲ್ಲ. ಈಗಿನ ಕರಡಿನಲ್ಲಿ ಅಪ್ಪ ಕುಡಿತ ಬಿಡುವುದಿಲ್ಲ. ಆದರೆ ಮಗಳ ಹಾಸಿಗೆಯ ಪಕ್ಕ ಒಂದು ಇಡೀ ರಾತ್ರಿ ಎಚ್ಚರ ಇರುತ್ತಾನೆ, ಬೆಳಿಗ್ಗೆ ಮತ್ತೆ ಹೋಗುತ್ತಾನೆ. ಇದು ನಮ್ಮಿಬ್ಬರ ನಡುವಿನ ರಾಜಿ. ಓದುಗರಿಗೆ ಹೇಗೆ ಅನ್ನಿಸುತ್ತದೋ ಗೊತ್ತಿಲ್ಲ, ನನಗೆ ಆ ಒಂದು ರಾತ್ರಿ ಇಷ್ಟ.

ಎರಡನೇ ಸುತ್ತಿನ ಜ್ವರ

ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂಗ್ಲಿಷಿನಲ್ಲಿ ಆ ಕಾಡಿನ ಹೆಸರೇ ಕಾಯಿಲೆಗೆ ಬಂತು. ಉಣುಗಿನಿಂದ ಹರಡುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ನಮ್ಮ ಕಡೆ ಜನ ಈಗಲೂ ಬೆಚ್ಚುತ್ತಾರೆ. ಚಳಿಗಾಲದಿಂದ ಬೇಸಿಗೆಯ ತನಕ, ತರಗೆಲೆ ಸೊಪ್ಪು ಅಂತ ಜನ ಕಾಡಿಗೆ ಹೋಗುವ ಹೊತ್ತಿಗೇ ಅದರ ಕಾಟ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಅದು ಎಷ್ಟು ಜನರನ್ನು ಅಲ್ಲಾಡಿಸಿತು ಅನ್ನುವುದು ಇಲ್ಲಿಯವರಿಗೆ ಮರೆತಿಲ್ಲ.

ಮೊದಲ ಕರಡಿನಲ್ಲಿ ಮೊಮ್ಮಗಳಿಗೆ ಈ ಜ್ವರ ಬರುತ್ತದೆ, ಗುಣವಾಗುತ್ತದೆ, ಎದ್ದು ಕೂತು "ಇನ್ನು ಊರಿನಲ್ಲೇ ಇರುತ್ತೇನೆ" ಅನ್ನುತ್ತಾಳೆ. ಪುಸ್ತಕ ಮುಗಿಯುತ್ತದೆ. ನನಗೆ ಇದು ಸ್ವಲ್ಪ ನೋವನ್ನೇ ಕೊಟ್ಟಿತು. ಜನ ಸತ್ತ ಕಾಯಿಲೆಯನ್ನು ಒಬ್ಬ ಹುಡುಗಿಗೆ ಬುದ್ಧಿ ಬರಿಸುವ ಮೆಟ್ಟಿಲು ಮಾಡಿದ ಹಾಗಾಯಿತು.

ಆ ಅಧ್ಯಾಯವನ್ನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಅಕ್ಕನಿಗೆ ಓದಲು ಕೊಟ್ಟೆವು. ಅವರು ಒಂದು ವಿಷಯ ಹೇಳಿದರು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ತಿರುಗುತ್ತದೆ. ಎರಡನೇ ಸಲ ತಲೆಗೆ ಹೋಗುತ್ತದೆ. ವಿಪರೀತ ತಲೆನೋವು, ಕೈ ನಡುಕ, ಕಣ್ಣು ಮಂಜು. "ಗುಣ ಆಯ್ತು ಅಂತ ಮನೆಯವರು ದೇವರಿಗೆ ಕಾಯಿ ಒಡೆಸಿರ್ತಾರೆ. ಆಮೇಲೆ ತಿರುಗಿದಾಗ ಅವರ ಮುಖ ನೋಡೋಕಾಗಲ್ಲ" ಅಂದರು.

ಅವನು ಅದನ್ನೇ ಹಿಡಿದ. ಈಗ ಮೊಮ್ಮಗಳು ಮೊದಲ ಸುತ್ತಿನ ಜ್ವರ ಬಿಟ್ಟ ಮೇಲೆ ಊರಿನಲ್ಲೇ ಇರುವ ದೊಡ್ಡ ಮಾತು ಆಡುತ್ತಾಳೆ. ಹತ್ತನೇ ದಿನಕ್ಕೆ ಎರಡನೇ ಸುತ್ತು ಬರುತ್ತದೆ. ಬದುಕುತ್ತಾಳೆ. ಆದರೆ ಈ ಸಲ ಯಾವ ಮಾತೂ ಆಡುವುದಿಲ್ಲ. ಬೆಂಗಳೂರಿಗೆ ವಾಪಸು ಹೋಗುತ್ತಾಳಾ, ಇರುತ್ತಾಳಾ ಅಂತ ಪುಸ್ತಕ ಹೇಳುವುದಿಲ್ಲ. ಅಜ್ಜಿಯ ಟ್ರಂಕು ತೆಗೆದು ಕಾಗದಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾಳೆ. ಕೈ ಇನ್ನೂ ನಡುಗುತ್ತಿರುವುದರಿಂದ ಕೆಲವು ಫೋಟೋ ಮಸುಕಾಗಿ ಬರುತ್ತವೆ. ಮತ್ತೆ ತೆಗೆಯುತ್ತಾಳೆ.

ಸೇತುವೆಯ ಆಚೆಗೆ

2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಉದ್ದ. ಅಲ್ಲಿಯ ತನಕ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಲಾಂಚೇ ಗತಿ. ಮಳೆ ಕಡಿಮೆಯಾದ ಮೇಲೆ ನಾವಿಬ್ಬರೂ ಆ ಸೇತುವೆ ದಾಟಿ ಹೋದೆವು. ಅಲ್ಲಿ ಎಂಬತ್ತು ದಾಟಿದ ಒಬ್ಬ ಹಿರಿಯರಿದ್ದಾರೆ. ಕೆಳಗಿನ ಊರು ಮುಳುಗಿದಾಗ ಮೇಲಿನ ಗುಡ್ಡಕ್ಕೆ ಬಂದು ಕೂತವರು. ಅವರಿಗೆ ಎರಡನೇ ಕರಡಿನ ಕೆಲವು ಭಾಗ ಓದಿ ಹೇಳಿದೆವು.

ಲಾರಿಯ ಅಧ್ಯಾಯಕ್ಕೆ ತಲೆ ಆಡಿಸಿದರು. ಆಮೇಲೆ ಒಂದು ಕಡೆ ಅವನು ಬರೆದಿದ್ದ ಸಾಲು ಬಂತು. ಮುಳುಗಡೆ ಅವಳಿಗೆ ಬದುಕುವುದನ್ನು ಕಲಿಸಿತು ಅನ್ನುವ ಅರ್ಥದ ಮಾತು. ಅಜ್ಜ ಕೈ ಎತ್ತಿ ನಿಲ್ಲಿಸಿದರು.

"ಅದನ್ನ ತೆಗಿ" ಅಂದರು.

"ಯಾಕೆ ಅಜ್ಜಾ?"

"ಮುಳುಗಡೆ ಏನೂ ಕಲಿಸ್ಲಿಲ್ಲ. ಕಲ್ತಿದ್ದು ಆ ಹೆಂಗ್ಸು. ನೀನು ಹಿಂಗೆ ಬರದ್ರೆ, ಓದಿದವ್ರು ಮುಳುಗಡೆ ಆಗಿದ್ದೇ ಒಳ್ಳೇದಾಯ್ತು ಅಂದ್ಕೊಳ್ತಾರೆ."

ವಾಪಸು ಬರುವಾಗ ಸೇತುವೆ ಮೇಲೆ ನಾವು ಮಾತಾಡಲಿಲ್ಲ. ಕೆಳಗೆ ನೀರು ತುಂಬಿತ್ತು. ಮೂರು ಸಾಲಿನ ನೋಟ್‌ಬುಕ್ ಹಿಡಿದುಕೊಂಡು ನಾನು ಹೇಳಲು ಒದ್ದಾಡುತ್ತಿದ್ದದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು. ನಮ್ಮ ಮಲೆನಾಡಿನ ಕಷ್ಟಗಳಲ್ಲಿ ಹಲವು ತಾವಾಗಿ ಬಂದವಲ್ಲ. ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿದ್ದರಿಂದ ಬಂದವು. ವಿದ್ಯುತ್ತು ಇಡೀ ರಾಜ್ಯಕ್ಕೆ ಹೋಯಿತು, ಹಕ್ಕುಪತ್ರದ ಹೋರಾಟ ಇವತ್ತಿಗೂ ಮುಗಿದಿಲ್ಲ. ಅಂಥ ಕಷ್ಟವನ್ನು ಗುರು ಅಂತ ಕರೆದರೆ, ಅದನ್ನು ತಂದವರಿಗೆ ನಾವು ಕೈಮುಗಿದ ಹಾಗೆ ಆಗುತ್ತದೆ. ಪಾತ್ರ ಬೆಳೆದಿದ್ದರೆ ಅದರ ಲೆಕ್ಕ ಆ ಪಾತ್ರದ ಹೆಸರಿಗೇ ಬರೆಯಬೇಕು. ಮಡಿಲಿಗೆ ಭತ್ತ ಕಟ್ಟಿಕೊಂಡದ್ದು ಅವಳು.

ಆ ರಾತ್ರಿಯೇ ಅವನು ಕರಡು ಪೂರ್ತಿ ಹುಡುಕಿ "ಕಷ್ಟ ಕಲಿಸಿತು", "ನೋವು ಬೆಳೆಸಿತು" ಅನ್ನುವ ರೀತಿಯ ಸಾಲುಗಳನ್ನೆಲ್ಲ ತೆಗೆದ. ಕಾದಂಬರಿ ಈಗ ಮುನ್ನೂರು ಪುಟಕ್ಕೆ ಇಳಿದಿದೆ. ಚಿತ್ತಾರದ ನಾಲ್ಕು ಪುಟ ಉಳಿದುಕೊಂಡಿವೆ, ಆದರೆ ಜಾಗ ಬದಲಾಗಿದೆ. ಮೊಮ್ಮಗಳು ಎರಡನೇ ಸುತ್ತಿನ ಜ್ವರದಲ್ಲಿ ಕಾಣುವ ಗೋಡೆ ಅದು.

ಕೊನೆಗೆ ಅವನು ತನ್ನ ಅಜ್ಜಿಗೇ ಓದಿ ಹೇಳಿದ. ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾ ಅವರು ಕೇಳಿಸಿಕೊಂಡರಂತೆ. ಲಾರಿಯ ಅಧ್ಯಾಯಕ್ಕೆ ಏನೂ ಹೇಳಲಿಲ್ಲ. ಓದು ಕಲಿಯುವ ಭಾಗಕ್ಕೆ ಸ್ವಲ್ಪ ನಕ್ಕರು. ತಮ್ಮನ ಹೆಬ್ಬೆಟ್ಟಿನ ಪುಟ ಬಂದಾಗ ಕೈ ನಿಂತಿತು.

ಆ ಪುಟ ಅವನ ಕಲ್ಪನೆ. ಹಾಗೆ ನಡೆದದ್ದು ಅವನಿಗೆ ಗೊತ್ತಿಲ್ಲ, ಯಾರೂ ಹೇಳಿರಲಿಲ್ಲ.

"ಇನ್ನೊಂದ್ಸಲ ಓದು" ಅಂದರು.

ಓದಿದ.

"ಆಮೇಲೆ ಬಂದ್ನಾ ಅವನು?"

"ಇಲ್ಲ ಅಜ್ಜಿ. ಬರಲಿಲ್ಲ."

"ಹ್ಞೂಂ" ಅಂದರು. "ಬರಲ್ಲ." ಆಮೇಲೆ ಅಡಿಕೆ ಬುಟ್ಟಿ ಹತ್ತಿರ ಎಳೆದುಕೊಂಡರು.